ಹಳೆ ಬಟ್ಟೆಯ ಉಳಿದ ಆಯುಸ್ಸು

2004ರ ಡಿಸೆಂಬರ್ 26ರಂದು ಸುನಾಮಿ ಬಂದು ಹೋದ ಮೇಲೆ ತಮಿಳುನಾಡಿನ ಕರಾವಳಿಗೆ ದೇಶದ ಎಲ್ಲ ಕಡೆಯಿಂದ ಲಾರಿಗಟ್ಟಲೆ ಬಟ್ಟೆ ಹೋಯಿತು. ಕೊಟ್ಟವರ ಮನಸ್ಸು ದೊಡ್ಡದಿತ್ತು. ಆದರೆ ಬಂದದ್ದರಲ್ಲಿ ಎಷ್ಟೋ ಬಟ್ಟೆ ಅಲ್ಲಿನ ಮೀನುಗಾರರ ಮೈಗೆ, ಅಲ್ಲಿನ ಹವೆಗೆ, ಅಲ್ಲಿನವರ ಉಡುವ ರೂಢಿಗೆ ಹೊಂದುವಂಥದ್ದಾಗಿರಲಿಲ್ಲ. ಅದು ರಸ್ತೆ ಬದಿಯಲ್ಲಿ ರಾಶಿ ರಾಶಿಯಾಗಿ ಬಿದ್ದು ಮಳೆಗೆ ನೆನೆಯಿತು. ಅಂಶು ಗುಪ್ತಾ ಅವರು 1999ರಲ್ಲಿ ದೆಹಲಿಯಲ್ಲಿ ಶುರುಮಾಡಿದ ‘ಗೂಂಜ್’ ಸಂಸ್ಥೆ ಆ ರಾಶಿಗಳನ್ನು ಎತ್ತಿಕೊಂಡು, ಒಂದೊಂದೇ ಬಟ್ಟೆಯನ್ನು ಬಿಡಿಸಿ ನೋಡುವ ಕೆಲಸಕ್ಕೆ ಇಳಿಯಿತು. ಯಾವುದು ಹಾಗೇ ಉಡಬಹುದು, ಯಾವುದನ್ನು ಕತ್ತರಿಸಿ ಹೊಲಿಯಬೇಕು, ಯಾವುದರಿಂದ ಚೀಲ, ಯಾವುದರಿಂದ ಹಾಸಿಗೆ, ಯಾವುದರಿಂದ ಮುಟ್ಟಿನ ದಿನಗಳ ಬಟ್ಟೆ ಎಂಬುದೆಲ್ಲ ತೀರ್ಮಾನವಾದದ್ದು ಆ ವಿಂಗಡಣೆಯಲ್ಲೇ.

ಹಳೆ ಬಟ್ಟೆಯ ವಿಷಯದಲ್ಲಿ ನಾವು ಕೊಡುವವರನ್ನೇ ಹೆಚ್ಚು ಹೊಗಳುತ್ತೇವೆ. ಬೀರು ಖಾಲಿ ಮಾಡಿ ಗಂಟು ಕಟ್ಟಿ ಕಳಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ಬಟ್ಟೆ ನಿಜವಾಗಿ ಇನ್ನೊಬ್ಬರಿಗೆ ಒದಗುವುದು ಆಮೇಲೆ. ಆ ಗಂಟನ್ನು ಯಾರೋ ಬಿಚ್ಚಿ, ಪ್ರತಿ ತುಂಡಿನಲ್ಲಿ ಇನ್ನೆಷ್ಟು ಆಯುಸ್ಸು ಉಳಿದಿದೆ ಎಂದು ಬೆರಳಿನಿಂದ ಮುಟ್ಟಿ ಅಳೆದು, ಅದಕ್ಕೆ ತಕ್ಕ ರೂಪ ಕೊಟ್ಟು ಹೊಲಿದಾಗ. ಈ ಎರಡನೆಯ ಕೆಲಸಕ್ಕೆ ವಿದ್ಯೆ ಬೇಕು, ಹೊತ್ತು ಬೇಕು. ಆ ವಿದ್ಯೆ ನಮ್ಮ ನಾಡಿನಲ್ಲಿ ಹೊಸದೂ ಅಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಬಾಗಲಕೋಟೆ ಸೀಮೆಯ ಯಾವ ಮನೆಯ ಹಾಸಿಗೆಯ ಮಡಿಕೆ ಬಿಚ್ಚಿದರೂ ಅದರ ಪುರಾವೆ ಸಿಗುತ್ತದೆ. ಅದರ ಹೆಸರು ಕೌದಿ.

ಕೌದಿಯನ್ನು ಬಲ್ಲವರಿಗೆ ಅದರ ಬಗ್ಗೆ ಹೇಳಬೇಕಾದ್ದಿಲ್ಲ. ಆದರೆ ಅದು ಹೇಗೆ ನಿಲ್ಲುತ್ತದೆ ಎಂಬುದನ್ನು ಎಷ್ಟೋ ಜನ ಅದನ್ನು ಹೊಚ್ಚಿಕೊಂಡು ಮಲಗಿಯೂ ಗಮನಿಸಿರುವುದಿಲ್ಲ. ನೆಲಕ್ಕೆ ಒಂದು ಹಳೆ ಸೀರೆಯನ್ನೋ ಧೋತರವನ್ನೋ ಮಡಚಿ ಹಾಸುತ್ತಾರೆ. ಅದರ ಮೇಲೆ ಮನೆಯ ಹಳೆ ಅರಿವಿಯೆಲ್ಲ ಸಾಲಾಗಿ ಬರುತ್ತದೆ: ಮಂಡಿ ಹರಿದ ಪೈಜಾಮದ ಕಾಲು, ಕೊರಳು ಸವೆದ ಅಂಗಿಯ ಬೆನ್ನು, ಲಂಗದ ಘೇರು, ಟವೆಲಿನ ಅರ್ಧ. ತೆಳುವಾದ ಕಡೆ ಎರಡು ಪದರ, ದಪ್ಪ ಇದ್ದ ಕಡೆ ಒಂದೇ ಪದರ. ಎಲ್ಲಿಯೂ ಉಬ್ಬು ಬರಬಾರದು, ಎಲ್ಲಿಯೂ ತಗ್ಗು ಉಳಿಯಬಾರದು. ಮೇಲೊಂದು ಗಟ್ಟಿ ಸೀರೆ ಮುಚ್ಚಿ, ಅಥವಾ ಬಣ್ಣಬಣ್ಣದ ತುಂಡುಗಳನ್ನೇ ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಇಲ್ಲವೆ ಉದ್ದುದ್ದ ಸಾಲಾಗಿ ಕೈಯಿಂದ ಸಾದಾ ಹೊಲಿಗೆ ಹಾಕುತ್ತ ಹೋಗುತ್ತಾರೆ.

ಒಳಗಿನ ತುಂಡುಗಳನ್ನು ಒಂದಕ್ಕೊಂದು ಹೊಲಿದಿರುವುದಿಲ್ಲ. ಅವು ಬಿಡಿಯಾಗಿಯೇ ಇರುತ್ತವೆ. ಅವನ್ನು ಜಾಗ ಬಿಟ್ಟು ಸರಿಯದಂತೆ ಹಿಡಿಯುವುದು ಮೇಲಿಂದ ಕೆಳಗಿನವರೆಗೆ ಎಲ್ಲ ಪದರ ದಾಟಿ ಹೋಗುವ ಆ ಒತ್ತಾದ ಹೊಲಿಗೆ. ಸಾಲು ಬೆರಳಗಲಕ್ಕಿಂತ ದೂರವಾದರೆ ಒಗೆದಾಗ ಒಳಗಿನದೆಲ್ಲ ಒಂದು ಮೂಲೆಗೆ ಗುಡ್ಡೆಯಾಗುತ್ತದೆ. ಒಬ್ಬ ಮನುಷ್ಯನ ಭಾರ, ಎಳೆದಾಟ, ಒಗೆಯುವಾಗಿನ ಹಿಂಡು, ಇವೆಲ್ಲ ಒಂದೇ ಬಟ್ಟೆಯ ಮೇಲೆ ಬೀಳದೆ ಸಾವಿರಾರು ಪುಟ್ಟ ಹೊಲಿಗೆಗಳ ಮೇಲೆ ಹಂಚಿಹೋಗುತ್ತವೆ. ತಾನೊಂದೇ ಆಗಿದ್ದರೆ ಒಂದು ತಿಂಗಳೂ ಬಾಳದ ಅರಿವಿ ಕೌದಿಯ ಹೊಟ್ಟೆಯಲ್ಲಿ ವರ್ಷಗಟ್ಟಲೆ ಬಾಳುವುದಕ್ಕೆ ಕಾರಣ ಇಷ್ಟೆ. ಬೆಚ್ಚಗಿರುವುದಕ್ಕೂ ಅದೇ ಕಾರಣ: ಪದರ ಪದರದ ನಡುವೆ ಸಿಕ್ಕಿಬಿದ್ದ ಗಾಳಿ ಮೈಯ ಶಾಖವನ್ನು ಹೊರಗೆ ಬಿಡುವುದಿಲ್ಲ, ಹತ್ತಿ ಬೆವರನ್ನು ಹೀರಿಕೊಳ್ಳುತ್ತದೆ. ಚಳಿಗಾಲಕ್ಕೆ ಹೊದಿಕೆ, ಬೇಸಿಗೆಗೆ ಹಾಸಿಗೆ, ಎತ್ತಿನ ಗಾಡಿಯಲ್ಲಿ ಹೊರಟರೆ ಮೆತ್ತೆ.

ಮನೆಯ ಹೆಂಗಸರೇ ಹೊಲಿದುಕೊಳ್ಳುವುದು ಒಂದು ರೀತಿ. ಊರೂರು ತಿರುಗಿ ಹೊಲಿದುಕೊಡುವವರು ಇನ್ನೊಂದು ರೀತಿ. ಗೊಂದಳಿ ಸಮುದಾಯದ ಹೆಂಗಸರು ಈ ಕಸುಬಿಗೆ ಹೆಸರಾದವರು. ಸುಗ್ಗಿ ಮುಗಿದು ಕೈ ಬಿಡುವಾಗುವ ದಿನಗಳಲ್ಲಿ ಓಣಿಯಲ್ಲಿ ಅವರ ದನಿ ಕೇಳಿಸುತ್ತದೆ: ‘ಕೌದಿ ಹೊಲಸ್ತೀರೇನ್ರೀ ಯಕ್ಕಾ?’ ಮನೆಯಾಕೆ ಹೊರಬಂದು, ‘ನಾಕ್ ಸೀರಿ, ಎರಡ್ ಧೋತರ ಅದಾವ ನೋಡವಾ, ಸಾಲ್ತಾವೇನು?’ ಎಂದರೆ, ಹೊಲಿಯುವಾಕೆ ಬೆಲೆ ಮಾತಾಡುವ ಮುಂಚೆ ಅರಿವಿ ನೋಡುತ್ತಾಳೆ. ಬಿಸಿಲಿಗೆ ಹಿಡಿಯುತ್ತಾಳೆ, ಎರಡು ಹೆಬ್ಬೆರಳ ನಡುವೆ ಎಳೆಯುತ್ತಾಳೆ. ‘ಇದು ಮ್ಯಾಲಕ್ಕ ಬರತೈತಿ, ಇದು ಒಳಗ. ಇದು ಬ್ಯಾಡ್ರೀ, ಇದು ಒರಸೂ ಅರಿವಿ ಮಾಡ್ಕೋರಿ.’ ಗಂಟೆಗಟ್ಟಲೆ ತರಗತಿಯಲ್ಲಿ ಕಲಿಸಬೇಕಾದ ಪಾಠವನ್ನು ಆಕೆ ಕಟ್ಟೆಯ ಮೇಲೆ ಕೂತು ಮೂರು ಮಾತಿನಲ್ಲಿ ಮುಗಿಸುತ್ತಾಳೆ.

ಧಾರವಾಡ ಸೀಮೆಯ ನೆರೆಯಲ್ಲೇ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಊರುಗಳಲ್ಲಿ ಇದೇ ಹಳೆ ಬಟ್ಟೆ ಇನ್ನೊಂದು ರೂಪ ಪಡೆದಿದೆ. ಪೋರ್ಚುಗೀಸರು ಗುಲಾಮರಾಗಿ ಪೂರ್ವ ಆಫ್ರಿಕಾದಿಂದ ಗೋವೆಗೆ ತಂದವರು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು, ಅವರ ಸಂತತಿಯವರೇ ಇಲ್ಲಿನ ಸಿದ್ದಿಗಳಲ್ಲಿ ಹೆಚ್ಚಿನವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿಗಳಿದ್ದಾರೆ; ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಸಿದ್ದಿ ಹೆಂಗಸರ ‘ಕವಂದ್’ ಹೊಲಿಯುವ ಕ್ರಮ ಕೌದಿಗೆ ನೆಂಟನೇ ಆದರೂ ನಡೆ ಬೇರೆ.

ಅಮೆರಿಕ, ಯುರೋಪಿನ ತೇಪೆ ಹೊದಿಕೆಯಲ್ಲಿ ಸಾಮಾನ್ಯವಾಗಿ ಮೊದಲು ತುಂಡುಗಳನ್ನೆಲ್ಲ ಕೂಡಿಸಿ ಮೇಲ್ಪದರ ಸಿದ್ಧಮಾಡುತ್ತಾರೆ, ಆಮೇಲೆ ಅದನ್ನು ಒಳಪದರ, ತಳಪದರದ ಜೊತೆ ಸೇರಿಸಿ ಹೊಲಿಯುತ್ತಾರೆ. ಎರಡು ಹಂತ. ಸಿದ್ದಿ ಹೆಂಗಸು ಎರಡನ್ನೂ ಒಂದೇ ಬಾರಿಗೆ ಮುಗಿಸುತ್ತಾಳೆ. ತಳಕ್ಕೆ ಸೀರೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ತುಂಡಿನ ಅಂಚನ್ನು ಬೆರಳಿನಿಂದ ಒಳಕ್ಕೆ ಮಡಚಿ ತಳದ ಬಟ್ಟೆಗೇ ಹೊಲಿಯುತ್ತಾಳೆ. ಮುಂದಿನ ತುಂಡು ಹಿಂದಿನದರ ಅಂಚನ್ನು ಮುಚ್ಚುತ್ತದೆ. ನಾಲ್ಕು ಅಂಚು ಸುತ್ತಿ, ಮತ್ತೆ ಒಳಗಿನ ಸುತ್ತು, ಮತ್ತೆ ಅದರ ಒಳಗಿನದು, ಹೀಗೆ ನಡುವಿಗೆ ಬಂದು ನಿಲ್ಲುತ್ತಾಳೆ. ಅಳತೆಪಟ್ಟಿ ಇಲ್ಲ, ಕಾಗದದ ನಕ್ಷೆ ಇಲ್ಲ. ಕೈಗೆ ಬಂದ ತುಂಡಿನ ಆಕಾರವೇ ಮುಂದಿನ ತುಂಡು ಯಾವುದಿರಬೇಕು ಎಂದು ಹೇಳುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮುಕ್ಕೋನವಾಗಿ ಮಡಚಿದ ಪುಟ್ಟ ತುಂಡುಗಳನ್ನು ಪದರವಾಗಿ ಇಟ್ಟು ಹೊಲಿಯುತ್ತಾರೆ. ಅವುಗಳಿಗೆ ‘ಫುಲಾ’ ಎನ್ನುತ್ತಾರೆ, ಹೂವು. ಫುಲಾ ಇಲ್ಲದ ಕವಂದ್ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಕ್ರೈಸ್ತ ಸಿದ್ದಿಗಳ ಹೊದಿಕೆಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಗಳದರಲ್ಲಿ ಅರ್ಧಚಂದ್ರ ಕಾಣುವುದೂ ಉಂಟು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿಗಳ ನಡುವೆ ಬಂದು ಅಧ್ಯಯನ ಮಾಡಿದಾಗ ಈ ಹೊದಿಕೆಗಳು ಅವರ ಕಣ್ಣಿಗೆ ಬಿದ್ದವು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಹೊಲಿಗೆಯ ಒಂದು ಸಹಕಾರಿ ಗುಂಪು ರೂಪುಗೊಂಡಿತು, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದ್‌ಗಳ ಪ್ರದರ್ಶನವೂ ನಡೆಯಿತು. ಹಳಿಯಾಳದ ಕಾಡಂಚಿನ ಮನೆಯಲ್ಲಿ ಮಗುವಿನ ಮೈ ಮುಚ್ಚಲೆಂದು ಹೊಲಿಯುತ್ತಿದ್ದ ಹರಕು ಬಟ್ಟೆಯ ಹೊದಿಕೆ ನ್ಯೂಯಾರ್ಕಿನ ಗೋಡೆ ಏರಿದ್ದು ನನಗೆ ಹೆಮ್ಮೆಯ ಸಂಗತಿ. ಅದೇ ಹೊದಿಕೆಗೆ ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ತಕ್ಕ ಬೆಲೆ ಕೊಡುವವರು ಎಷ್ಟು ಜನ ಎಂಬ ಪ್ರಶ್ನೆ ಮಾತ್ರ ಹಾಗೇ ಇದೆ.

ಆಫ್ರಿಕಾದ ಮೂಲದವರೇ ಆದ ಇನ್ನೊಂದು ಊರಿನ ಹೆಂಗಸರನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಅಲಬಾಮಾದಲ್ಲಿ ನದಿಯ ತಿರುವಿನೊಳಗೆ ಕೂತಿರುವ ಜೀಸ್ ಬೆಂಡ್ ಎಂಬ ಹಳ್ಳಿ. ಗುಲಾಮರ ಸಂತತಿಯ ಅಲ್ಲಿನ ಹೆಂಗಸರು ಹೊಲದ ಕೆಲಸದ ಹಳೆ ಪ್ಯಾಂಟು, ಅಂಗಿಗಳಿಂದ ಹೊದಿಕೆ ಹೊಲಿಯುತ್ತಿದ್ದರು. 1970ರ ದಶಕದಲ್ಲಿ ಆ ಸೀಮೆಯ ಹೊಲಿಗೆ ಸಹಕಾರ ಸಂಘಕ್ಕೆ ಸಿಯರ್ಸ್ ಕಂಪನಿಯಿಂದ ಕಾರ್ಡುರಾಯ್ ದಿಂಬಿನ ಕವಚ ಹೊಲಿಯುವ ಗುತ್ತಿಗೆ ಬಂತು. ಕತ್ತರಿಸಿ ಉಳಿದ ಚೂರುಗಳನ್ನು ಹೆಂಗಸರು ಮನೆಗೆ ಒಯ್ದರು. ಆ ಕಾಲದ ಅವರ ಎಷ್ಟೋ ಹೊದಿಕೆಗಳಲ್ಲಿ ಅದೇ ಕಾರ್ಡುರಾಯ್ ಕಾಣುತ್ತದೆ. 2006ರಲ್ಲಿ ಆ ಹೊದಿಕೆಗಳು ಅಮೆರಿಕದ ಅಂಚೆ ಚೀಟಿಯ ಮೇಲೆ ಬಂದವು.

ಮುಂಡಗೋಡದ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಸಿದ್ದಿಗಳ ಊರುಗಳಿರುವ ಆ ತಾಲ್ಲೂಕಿನಲ್ಲೇ ಟಿಬೆಟನ್ನರ ಕಾಲೊನಿ ಇದೆ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಿವೆ. ಅಲ್ಲಿನ ಭಿಕ್ಷುಗಳು ವಿಧಿಗಳಿಗೆ ಹೊದೆಯುವ ಮೇಲುವಸ್ತ್ರವಾದ ಚೀವರವನ್ನು ಹತ್ತಿರದಿಂದ ನೋಡಿದರೆ ಅದು ಇಡಿಯ ಬಟ್ಟೆಯಲ್ಲ, ತುಂಡುಗಳನ್ನು ಕೂಡಿಸಿ ಹೊಲಿದದ್ದು ಎಂದು ಗೊತ್ತಾಗುತ್ತದೆ. ಬುದ್ಧನ ಕಾಲದಲ್ಲಿ ಭಿಕ್ಷುಗಳು ಕಸದಲ್ಲಿ, ಸ್ಮಶಾನದಲ್ಲಿ ಬಿದ್ದ ಚಿಂದಿಯನ್ನು ಆಯ್ದು, ಒಗೆದು, ಹೊಲಿದು ಉಡುತ್ತಿದ್ದರು. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಚೀವರವನ್ನು ಇದೇ ವಿನ್ಯಾಸದಲ್ಲಿ ಹೊಲಿಯಲು ಆದೀತೇ ಎಂದು ಬುದ್ಧ ಆನಂದನನ್ನು ಕೇಳಿದ್ದಾಗಿ ವಿನಯಪಿಟಕ ಹೇಳುತ್ತದೆ. ತುಂಡು ಮಾಡಿದ ಬಟ್ಟೆಗೆ ಯಾರೂ ಆಸೆಪಡುವುದಿಲ್ಲ ಎಂಬುದೂ ಅದರ ಹಿಂದಿನ ಒಂದು ಕಾರಣ. ಇಂದು ಹೊಸ ಬಟ್ಟೆ ತಂದರೂ ಅದನ್ನು ಕತ್ತರಿಸಿ ಗದ್ದೆಯ ಮಡಿಗಳಂತೆ ಕೂಡಿಸಿಯೇ ಉಡುತ್ತಾರೆ.

ಇನ್ನು ನಮ್ಮ ನಿಮ್ಮ ಮನೆಯ ಮಾತು. ಬೀರುವಿನ ಕೆಳಗಿನ ಅರೆಯಲ್ಲಿ ಕೂತ ಗಂಟು, ನೆಂಟರು ‘ನೀನು ಏನಾದರೂ ಹೊಲಿಯುತ್ತೀಯಲ್ಲ’ ಎಂದು ಕೊಟ್ಟುಹೋದ ಸೀರೆಗಳು, ದರ್ಜಿಯ ಅಂಗಡಿಯಿಂದ ತಂದ ರವಿಕೆ ಚೂರುಗಳು. ಇವನ್ನು ಮುಂದಿಟ್ಟುಕೊಂಡು ಕೂತಾಗ ಕತ್ತರಿ ಹಿಡಿಯುವ ಆತುರ ಬೇಡ. ಮೊದಲ ದಿನ ಬರೀ ವಿಂಗಡಣೆಗೆ ಇರಲಿ.

ಮೊದಲು ಕಸ ತೆಗೆಯಬೇಕು: ಹುಕ್ಕು, ಗುಂಡಿ, ಜಿಪ್ಪು, ಪಿನ್ನು, ಲಾಡಿ. ಗುಂಡಿ, ಜಿಪ್ಪುಗಳನ್ನು ಒಂದು ಡಬ್ಬಿಗೆ ಹಾಕಿಡಿ, ಬೇಕಾಗುತ್ತವೆ. ಹುಕ್ಕಿನ ವಿಷಯದಲ್ಲಿ ಹೆಚ್ಚು ಎಚ್ಚರ ಇರಲಿ. ಹಳೆ ರವಿಕೆಯ ತುಕ್ಕು ಹಿಡಿದ ಹುಕ್ಕು ಒಂದು ಮಗುವಿನ ಬಟ್ಟೆಯಲ್ಲೋ ಮುಟ್ಟಿನ ಬಟ್ಟೆಯಲ್ಲೋ ಉಳಿದರೆ ಅಪಾಯ ಸಣ್ಣದಲ್ಲ.

ಆಮೇಲೆ ಪ್ರತಿ ಬಟ್ಟೆಯನ್ನೂ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬಟ್ಟೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಸೀರೆ ಸವೆಯುವುದು ಪಾದಕ್ಕೆ ತಾಗುವ ಕೆಳ ಅಂಚಿನಲ್ಲಿ, ಪಿನ್ನು ಚುಚ್ಚುವ ಹೆಗಲ ಮೇಲೆ. ಅಂಗಿ ಸವೆಯುವುದು ಕಾಲರು, ಕಂಕುಳು, ಮೊಣಕೈಯಲ್ಲಿ. ಅದರ ಬೆನ್ನು ಹೊಸದರಂತೆಯೇ ಇರುತ್ತದೆ. ಲುಂಗಿ ಕೂರುವ ಜಾಗದಲ್ಲಿ ತೆಳುವಾಗುತ್ತದೆ. ಹಾಸಿಗೆಯ ಚಾದರ ನಡುವೆ ಹರಿಯುತ್ತದೆ, ಅಂಚು ಗಟ್ಟಿ ಉಳಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂದಿತ್ತು. ಆಗ ಅಲ್ಲಿನ ಗೃಹಿಣಿಯರು ಚಾದರವನ್ನು ಸರಿಯಾಗಿ ನಡುವೆ ಉದ್ದಕ್ಕೆ ಸೀಳಿ, ಗಟ್ಟಿಯಾದ ಎರಡು ಹೊರ ಅಂಚುಗಳನ್ನು ಒಟ್ಟಿಗೆ ಹೊಲಿದು ನಡುವಿಗೆ ತರುತ್ತಿದ್ದರು, ಸವೆದ ಭಾಗ ಹೊರಗಡೆಗೆ ಹೋಗುತ್ತಿತ್ತು. ಒಂದೇ ಒಂದು ಉದ್ದ ಹೊಲಿಗೆಯಿಂದ ಚಾದರಕ್ಕೆ ಎರಡನೆಯ ಜೀವ. ನಮ್ಮ ಮನೆಗಳಲ್ಲೂ ಇದನ್ನು ಈಗಲೇ ಮಾಡಬಹುದು.

ಬೆಳಕಿನಲ್ಲಿ ಕಾಣದ ದೌರ್ಬಲ್ಯ ಎಳೆತದಲ್ಲಿ ಗೊತ್ತಾಗುತ್ತದೆ. ಹಾಸಿನ ಗುಂಟ ಒಮ್ಮೆ, ಹೊಕ್ಕಿನ ಗುಂಟ ಒಮ್ಮೆ ಎಳೆಯಿರಿ. ಹಳೆ ರೇಷ್ಮೆ ಸೀರೆ ನೋಡಲು ಭರ್ಜರಿ ಇದ್ದರೂ ಮಡಿಕೆಯ ಗೆರೆಯಲ್ಲಿ ಕೈಗೆ ಬಂದುಬಿಡುತ್ತದೆ. ಅಂಥದ್ದನ್ನು ಭಾರ ಹೊರುವ ಚೀಲಕ್ಕೆ ಬಳಸಬಾರದು; ಗಟ್ಟಿ ಬಟ್ಟೆಯ ಮೇಲೆ ಹಚ್ಚಿ ಅಲಂಕಾರಕ್ಕೆ ಬಳಸಬಹುದು.

ಇದು ಹತ್ತಿಯೋ ಪಾಲಿಯೆಸ್ಟರೋ ಎಂಬ ಅನುಮಾನಕ್ಕೆ ಒಂದೆರಡು ದಾರ ಎಳೆದು, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದ ಸುಟ್ಟ ವಾಸನೆ ಬರಿಸಿ ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಈ ಪರೀಕ್ಷೆ ಬಿಟ್ಟರೆ ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆಯನ್ನು ಯಾರಾದರೂ ಪಾಲಿಯೆಸ್ಟರಿನಲ್ಲಿ ಹೊಲಿದು ಕೈ ಸುಟ್ಟುಕೊಂಡಾರು.

ಎಲ್ಲಕ್ಕಿಂತ ಹೆಚ್ಚಾಗಿ ಜನ ಎಡವುವುದು ನೀರಿನ ವಿಷಯದಲ್ಲಿ. ಹಳೆ ಹತ್ತಿ ಬಟ್ಟೆ ನೂರಾರು ಸಲ ನೀರು ಕಂಡಿರುತ್ತದೆ, ಅದು ಕುಗ್ಗುವಷ್ಟು ಕುಗ್ಗಿ ಮುಗಿದಿದೆ. ದರ್ಜಿಯ ಅಂಗಡಿಯಿಂದ ತಂದ ಹೊಸ ಚೂರು ಇನ್ನೂ ನೀರು ಮುಟ್ಟಿಲ್ಲ. ಇವೆರಡನ್ನೂ ಪಕ್ಕಪಕ್ಕ ಹೊಲಿದರೆ ಮೊದಲ ಒಗೆತದಲ್ಲೇ ಹೊಸದು ಸೊರಗಿ ಹಳೆಯದು ಸುಕ್ಕುಗಟ್ಟುತ್ತದೆ. ಆದ್ದರಿಂದ ಹೊಸದು ಹಳೆಯದು ಎನ್ನದೆ ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಕೆಂಪು, ಕಡುನೀಲಿ, ಕಪ್ಪು ಬಟ್ಟೆಯ ಮೇಲೆ ಒದ್ದೆಯಾದ ಬಿಳಿ ತುಂಡನ್ನು ಒತ್ತಿ ನೋಡಿದರೆ ಬಣ್ಣ ಬಿಡುವುದು ಮೊದಲೇ ಗೊತ್ತಾಗುತ್ತದೆ.

ಇಳಕಲ್ ಸೀರೆ ಇದ್ದವರಿಗೆ ಒಂದು ವಿಶೇಷ ಸೂಚನೆ. ಸಾಂಪ್ರದಾಯಿಕ ಹತ್ತಿಯ ಇಳಕಲ್ ಸೀರೆಯಲ್ಲಿ ಒಡಲು ಹತ್ತಿಯದು, ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ. ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುತ್ತಾರೆ. ಎರಡರ ಸ್ವಭಾವ ಬೇರೆ, ಕುಗ್ಗುವ ರೀತಿ ಬೇರೆ. ಆ ಕೂಡುಗೆರೆಯಲ್ಲೇ ಕತ್ತರಿಸಿ ಎರಡನ್ನೂ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಒಡಲಿನಿಂದ ಕೌದಿಯ ಮೇಲ್ಪದರಕ್ಕೆ ಹೇಳಿಮಾಡಿಸಿದ ಬಟ್ಟೆ ಸಿಗುತ್ತದೆ. ಸೆರಗು ದಿಂಬಿನ ಚೀಲಕ್ಕೋ ಕೈಚೀಲದ ಹೊರಮೈಗೋ ಚೆಂದ.

ಹೊಸದಾಗಿ ಹೊಲಿಗೆ ಕಲಿಯುವವರು ಚೀಲದಿಂದ ಶುರುಮಾಡಲಿ. ಹಳೆ ಪ್ಯಾಂಟಿನ ಕಾಲು ಅಥವಾ ದಪ್ಪ ಪರದೆಯ ಬಟ್ಟೆ ಸಾಕು. ಬಳ್ಳಾರಿಯಂಥ ಜೀನ್ಸ್ ಹೊಲಿಯುವ ಊರಿನವರಿಗೆ ಚೂರಿನ ಕೊರತೆಯೇ ಇಲ್ಲ. 16 ಇಂಚು ಉದ್ದ, 15 ಇಂಚು ಅಗಲದ ಎರಡು ತುಂಡು. ಹಿಡಿಕೆಗೆ 22 ಇಂಚು ಉದ್ದ, 4 ಇಂಚು ಅಗಲದ ಎರಡು ಪಟ್ಟಿ. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿದರೆ ಒಂದಿಂಚಿನ ಗಟ್ಟಿ ಹಿಡಿಕೆಯಾಗುತ್ತದೆ. ಎರಡು ತುಂಡುಗಳನ್ನು ಮೊದಲು ಒಳಮೈ ಒಳಗಿರುವಂತೆ ಇಟ್ಟು ಅಂಚಿನಿಂದ ಕಾಲಿಂಚು ಬಿಟ್ಟು ಮೂರು ಬದಿ ಹೊಲಿಯಿರಿ. ದಾರ ಬಿಟ್ಟ ಅಂಚು ಕತ್ತರಿಸಿ, ಚೀಲವನ್ನು ಮಗುಚಿ, ಅದೇ ಗೆರೆಯ ಪಕ್ಕದಲ್ಲಿ ಮತ್ತೊಮ್ಮೆ ಹೊಲಿಯಿರಿ. ಹಳೆ ಬಟ್ಟೆಯ ಕತ್ತರಿಸಿದ ಅಂಚು ಬೇಗ ಬಿಚ್ಚಿಕೊಳ್ಳುತ್ತದೆ. ಈ ಎರಡು ಬಾರಿಯ ಹೊಲಿಗೆ ಆ ಅಂಚನ್ನು ಒಳಗೆ ಹಾಕಿ ಮುಚ್ಚಿಬಿಡುತ್ತದೆ. ಮತ್ತೆ ಮಗುಚಿದರೆ ಹೊಲಿಗೆ ಒಳಗೆ ಸೇರುತ್ತದೆ. ಬಾಯಿಯ ಅಂಚನ್ನು ಎರಡು ಮಡಿಕೆ ಮಾಡಿ ಹೊಲಿದು, ಹಿಡಿಕೆ ಕೂಡುವಲ್ಲಿ ಚೌಕ ಹೊಲಿದು ಅದರೊಳಗೆ ಗುಣಾಕಾರದ ಚಿಹ್ನೆ ಹಾಕಿ. ಐದು ಕಿಲೋ ಅಕ್ಕಿ ಹೊತ್ತರೂ ಕಿತ್ತುಬರುವುದಿಲ್ಲ. ಮನೆಯ ಮಷೀನಿಗೆ ಸಾಮಾನ್ಯ ಹತ್ತಿಗೆ 14ನೇ ನಂಬರಿನ ಸೂಜಿ ನಡೆಯುತ್ತದೆ, ಜೀನ್ಸಿಗೆ 16 ಬೇಕು. ಟಿ-ಶರ್ಟ್ ಬಟ್ಟೆಯನ್ನು ಕಲಿಯುವ ದಿನಗಳಲ್ಲಿ ಹೊಲಿಯಲು ಹೋಗಬೇಡಿ, ಅದು ಹಿಗ್ಗಿ ಅಂಚು ಸುತ್ತಿಕೊಳ್ಳುತ್ತದೆ. ಪಟ್ಟಿಪಟ್ಟಿಯಾಗಿ ಕತ್ತರಿಸಿ ಜಡೆ ಹೆಣೆದು ಸುತ್ತಿದರೆ ಒಳ್ಳೆಯ ಕಾಲೊರೆಸು ಆಗುತ್ತದೆ.

ಮಗುವಿನ ಬಟ್ಟೆಗೆ ಹಳೆಯದೇ ಏಕೆ ಬೇಕು ಎಂದು ಇಂದಿನ ತಾಯಂದಿರು ಕೇಳುವುದುಂಟು. ಹುಟ್ಟಿದ ಕೂಸನ್ನು ಅಜ್ಜಿಯ ಹಳೆ ಸೀರೆಯಲ್ಲಿ, ಅಜ್ಜನ ಹಳೆ ಪಂಚೆಯಲ್ಲಿ ಸುತ್ತುವ ರೂಢಿಗೆ ಹಿರಿಯರ ಹರಕೆಯ ಜೊತೆಗೆ ಗಟ್ಟಿಯಾದ ಕಾರಣವೂ ಇದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೂಲಿಗೆ ಹಿಡಿಯದ ಹೆಚ್ಚಿನ ಬಣ್ಣ ಇರುತ್ತದೆ. ವರ್ಷಗಟ್ಟಲೆ ಒಗೆದ ಬಟ್ಟೆಯಲ್ಲಿ ಅವೆರಡೂ ಹೋಗಿ ನೂಲು ಮೆತ್ತಗಾಗಿರುತ್ತದೆ. ಬಯಲುಸೀಮೆಯ ಬಾಣಂತಿ ಮನೆಯಲ್ಲಿ ಗುಳೇದಗುಡ್ಡದ ಖಣದ ತುಂಡಿನಿಂದ ಹೊಲಿದ ಕುಂಚಿಗೆ, ಕುಲಾವಿ ಇಂದಿಗೂ ಕಾಣುತ್ತವೆ. ಖಣ ಹೊರಗೆ, ಮೈಗೆ ತಾಗುವ ಒಳಪದರಕ್ಕೆ ಹಳೆ ಮಲ್ ಬಟ್ಟೆ. ತೊಟ್ಟಿಲಿನ ಪುಟ್ಟ ಕೌದಿ ಹೊಲಿಯುವವರು 36 ಇಂಚು ಅಗಲ, 42 ಇಂಚು ಉದ್ದ ಇಟ್ಟುಕೊಂಡು ನಾಲ್ಕು ಪದರಕ್ಕೆ ನಿಲ್ಲಿಸಲಿ. ಪದರಗಳನ್ನು ನೆಲದ ಮೇಲೆ ಬಿಗಿಯಾಗಿ ಹಾಸಿ, ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಹಿಡಿದಿಟ್ಟು, ಆಮೇಲೆ ಒತ್ತು ಹೊಲಿಗೆ. ದಾರವನ್ನು ಒಂದು ತೋಳಿಗಿಂತ ಉದ್ದ ತೆಗೆದುಕೊಂಡರೆ ಸಿಕ್ಕಾಗುತ್ತದೆ. ಈ ಕೌದಿಯನ್ನು ಎಳೆಗೂಸಿನ ಮೇಲೆ ಹೊದಿಸಬಾರದು, ಕೆಳಗೆ ಹಾಸಬೇಕು. ಮುಖದ ಮೇಲೆ ಸರಿದರೆ ಕೂಸಿಗೆ ಉಸಿರು ಕಟ್ಟೀತು.

ಮುಟ್ಟಿನ ಬಟ್ಟೆಯ ಮಾತನ್ನು ಸಂಕೋಚದಿಂದ ಬಿಟ್ಟುಬಿಡುವ ಹಾಗಿಲ್ಲ. ಗೂಂಜ್ ಸಂಸ್ಥೆ ಹಳೆ ಹತ್ತಿ ಬಟ್ಟೆಯಿಂದ ಪ್ಯಾಡ್ ಮಾಡಿ ಹಳ್ಳಿಗಳಿಗೆ ತಲುಪಿಸುವ ಕೆಲಸಕ್ಕೆ ಇಳಿದದ್ದು ಅಲ್ಲಿ ಬಟ್ಟೆಯ ಕೊರತೆಯೇ ಕಾಯಿಲೆಗೆ ದಾರಿ ಎಂದು ಕಂಡದ್ದರಿಂದ. ಮನೆಯಲ್ಲಿ ಹೊಲಿಯುವವರು ಹತ್ತಿ ಮಾತ್ರ ಆರಿಸಿ, ಸೋಪಿನ ಬಿಸಿನೀರಿನಲ್ಲಿ ಒಗೆದು, ನೆರಳಿನ ಮೂಲೆಯಲ್ಲಿ ಬಚ್ಚಿಡದೆ ಬಿಸಿಲಲ್ಲೇ ಪೂರ್ತಿ ಒಣಗಿಸಿ ಹೊಲಿಯಬೇಕು. ಬಳಸುವವರೂ ಅಷ್ಟೇ ಬಿಸಿಲಿಗೆ ಒಣಗಿಸಬೇಕು. ಹಗ್ಗದ ಮೇಲೆ ಅದನ್ನು ಹರವಲು ಹೆಣ್ಣುಮಕ್ಕಳು ಹೆದರಬೇಕಾದ ಮನೆ ಯಾವುದೂ ಇರಬಾರದು.

2020ರಲ್ಲಿ ಕೊರೊನಾ ಬಂದಾಗ ಮನೆ ಮನೆಯ ಮಷೀನುಗಳು ಮತ್ತೆ ಸದ್ದು ಮಾಡಿದವು. ಸ್ವಸಹಾಯ ಸಂಘಗಳ ಹೆಂಗಸರು ಮಾಸ್ಕ್ ಹೊಲಿದರು. ಆ ವರ್ಷದ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಟ್ಟೆ ಮಾಸ್ಕಿಗೆ ಮೂರು ಪದರ ಇರಲಿ, ಒಳಗೆ ನೀರು ಹೀರುವ ಹತ್ತಿ, ಹೊರಗೆ ನೀರು ಹಿಡಿಯದ ಪಾಲಿಯೆಸ್ಟರಿನಂಥದ್ದು ಎಂದು ಸಲಹೆ ಕೊಟ್ಟಿತು. ಯಾವ ಪದರ ಎಲ್ಲಿ ಎಂಬ ಈ ಲೆಕ್ಕ ಕೌದಿ ಹೊಲಿಯುವ ಕೈಗೆ ಹೊಸದಾಗಿರಲಿಲ್ಲ.

ಹೊಲಿದದ್ದನ್ನು ಕೊಡುವಾಗಲೂ ಕೇಳಿ ಕೊಡಬೇಕು. ವೃದ್ಧಾಶ್ರಮಕ್ಕೆ ಕೌದಿ ಕೊಡುವ ಮನಸ್ಸಿದ್ದರೆ ಮೊದಲು ಅಲ್ಲಿನ ಮಂಚದ ಅಳತೆ ಕೇಳಿ, ಒಗೆಯುವವರು ಯಾರು ಎಂದು ಕೇಳಿ. ಒದ್ದೆಯಾದ ದಪ್ಪ ಕೌದಿ ಎತ್ತುವುದು ಇಬ್ಬರ ಕೆಲಸ. ಅಲ್ಲಿ ನಾಲ್ಕು ಪದರದ ಹಗುರ ಕೌದಿಯೇ ಒಳ್ಳೆಯದು. ಹಾಸ್ಟೆಲಿನ ಮಕ್ಕಳಿಗೆ ಚೀಲ ಹೊಲಿದರೆ ಪುಸ್ತಕದ ಅಳತೆ ತಿಳಿದು ಹೊಲಿಯಿರಿ. ನಾವು ಹಾಕಿಕೊಳ್ಳಲು ಹಿಂಜರಿಯುವ ಬಣ್ಣ, ಕಲೆ, ವಾಸನೆ ಇರುವ ಬಟ್ಟೆಯನ್ನು ‘ಬಡವರಿಗೆ ಸಾಕು’ ಎಂದು ಕೊಡುವುದು ಕೊಡುವುದಲ್ಲ, ಅದು ನಮ್ಮ ಮನೆಯ ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸುವುದು.

ಕೊನೆಗೆ ಕೂಲಿಯ ಲೆಕ್ಕ. ಐದು ಅಡಿ ಅಗಲ, ಆರೂವರೆ ಅಡಿ ಉದ್ದದ ಒಂದು ಕೌದಿ ತೆಗೆದುಕೊಳ್ಳಿ. ಹೊಲಿಗೆಯ ಸಾಲುಗಳ ನಡುವೆ ಮುಕ್ಕಾಲು ಇಂಚು ಬಿಟ್ಟರೆ ಅಗಲಕ್ಕೆ 80 ಸಾಲು ಬರುತ್ತವೆ. ಒಂದೊಂದು ಸಾಲು ಆರೂವರೆ ಅಡಿ. ಒಟ್ಟು 520 ಅಡಿ, ಸುಮಾರು 160 ಮೀಟರ್ ಹೊಲಿಗೆ. ಇಂಚಿಗೆ ಎರಡು ಎಂದು ಹಿಡಿದರೂ ಹನ್ನೆರಡು ಸಾವಿರಕ್ಕೂ ಮಿಕ್ಕಿ ಹೊಲಿಗೆ, ಒಂದೊಂದೂ ನಾಲ್ಕಾರು ಪದರ ದಾಟಿದ್ದು, ಒಂದೊಂದೂ ನೆಲದ ಮೇಲೆ ಬೆನ್ನು ಬಗ್ಗಿಸಿ ಕೂತು ಹಾಕಿದ್ದು. ‘ಅರಿವಿ ನಮ್ಮದೇ ಅಲ್ಲೇನು’ ಎಂದು ಚೌಕಾಸಿಗೆ ಇಳಿಯುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಅರಿವಿಗೆ ಬೆಲೆ ಇಲ್ಲದ್ದರಿಂದಲೇ ಕೌದಿಯ ಬೆಲೆಯೆಲ್ಲ ಆ ಹೊಲಿಗೆಯದು. ಮುಂದಿನ ಸಲ ಓಣಿಯಲ್ಲಿ ಆ ದನಿ ಕೇಳಿದರೆ ಅಂದಿನ ಗಾರೆ ಕೆಲಸದ ದಿನಗೂಲಿ ಎಷ್ಟಿದೆ ವಿಚಾರಿಸಿ, ಕೌದಿಗೆ ಹಿಡಿಯುವ ದಿನಗಳಿಂದ ಅದನ್ನು ಗುಣಿಸಿ, ಆ ಮೊತ್ತದಿಂದ ಮಾತು ಶುರುಮಾಡಿ. ದಾರದ ಖರ್ಚನ್ನು ಬೇರೆ ಕೊಡಿ.